ಎಡಗೈಗೆ ನೆರೋಲಿ, ಬಲಗೈಗೆ ಕಿತ್ತಳೆ ಹೂವು

ಎರಡು ವಾರದಿಂದ ನನ್ನ ಎಡಗೈಗೆ ನೆರೋಲಿ, ಬಲಗೈಗೆ ಆರೆಂಜ್ ಬ್ಲಾಸಮ್. ಎರಡೂ ಕಿತ್ತಳೆ ಹೂವಿನ ಸೆಂಟುಗಳೇ. ಬೆಳಿಗ್ಗೆ ಸ್ನಾನ ಮುಗಿಸಿ ಹಚ್ಚಿಕೊಳ್ಳುವುದು, ಆಮೇಲೆ ಗಂಟೆಗೊಮ್ಮೆ ಎರಡೂ ಕೈ ಮೂಸಿ ನೋಡುವುದು. ಆಫೀಸಿನಲ್ಲಿ ಪಕ್ಕದ ಸೀಟಿನವರು ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ತಡೆಯಲಾಗದೆ "ಕೈಗೆ ಎಂತಾದ್ರೂ ಆಗಿದೆಯಾ?" ಅಂತ ಕೇಳಿಯೇಬಿಟ್ಟರು. ಮನೆಯಲ್ಲಿ ಅಮ್ಮನಿಗೆ ಮಾತ್ರ ಇದು ಹೊಸತಲ್ಲ. ಕೈ ಚಾಚಿದರೆ ಕನ್ನಡಕ ಸರಿಮಾಡಿಕೊಂಡು ಮೂಸುತ್ತಾರೆ. ಮೂಸುವುದಕ್ಕೆ ಕನ್ನಡಕ ಯಾಕೆ ಅಂತ ನಾನು ಕೇಳಲು ಹೋಗಿಲ್ಲ.

ಇದೆಲ್ಲ ಶುರುವಾದದ್ದು ಒಂದು ವಾದದಿಂದ. ಸೆಂಟಿನ ಹುಚ್ಚು ಹಿಡಿದ ನಮ್ಮ ಐದಾರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೆಳೆಯನೊಬ್ಬ, "ನೆರೋಲಿ ಅಂದ್ರೂ ಆರೆಂಜ್ ಬ್ಲಾಸಮ್ ಅಂದ್ರೂ ಒಂದೇ ಮಾರಾಯ. ಎರಡು ಹೆಸರಿಟ್ಟು ಎರಡು ಸಲ ದುಡ್ಡು ಕೀಳ್ತಾರೆ ಅಷ್ಟೆ" ಅಂದ. ಅವನ ಮಾತು ಅರ್ಧ ಸರಿ. ಹೂವು ಒಂದೇ. ಆದರೆ ಬಾಟಲಿಗೆ ಇಳಿಯುವ ಹೊತ್ತಿಗೆ ಎರಡೂ ಬೇರೆ. ಕೊಡುವ ದುಡ್ಡಿಗೆ ಸಿಗುವುದೂ ಬೇರೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ: ನೆರೋಲಿಗೆ ಜಾಸ್ತಿ ದುಡ್ಡು ಹಾಕಬೇಡಿ. ಆರೆಂಜ್ ಬ್ಲಾಸಮ್‌ಗೆ ಕಡಿಮೆ ಹಾಕಬೇಡಿ.

ಈ ಹೂವು ಕಹಿ ಕಿತ್ತಳೆಯದು. ನಾವು ಸುಲಿದು ತಿನ್ನುವ ಕೊಡಗಿನ ಕಿತ್ತಳೆಯಲ್ಲ. ಇದರ ಹಣ್ಣನ್ನು ಹಾಗೇ ತಿನ್ನಲು ಹೋದರೆ ಮುಖ ಕಿವುಚಬೇಕು. ಇಂಗ್ಲೆಂಡಿನವರು ಮಾರ್ಮಲೇಡ್ ಮಾಡುವುದು ಇದರಿಂದಲೇ. ಹೂವಿಗಾಗಿ ಬೆಳೆಯುವುದು ಮುಖ್ಯವಾಗಿ ಟ್ಯುನೀಶಿಯಾ, ಮೊರಾಕೊ ಮತ್ತು ಈಜಿಪ್ಟ್‌ನಲ್ಲಿ. ಟ್ಯುನೀಶಿಯಾದ ನಾಬೆಲ್ ಊರು ಇದಕ್ಕೇ ಹೆಸರುವಾಸಿ. ಮಾರ್ಚ್-ಏಪ್ರಿಲ್ ಬಂತೆಂದರೆ ಅಲ್ಲಿ ಮರದ ಬುಡದಲ್ಲಿ ಬಟ್ಟೆ ಹಾಸಿ, ಏಣಿ ಹತ್ತಿ, ಕೈಯಿಂದಲೇ ಹೂವು ಬಿಡಿಸುತ್ತಾರೆ. ಸುಮಾರು 1,000 ಕೆ.ಜಿ. ಹೂವಿಗೆ ಸಿಗುವುದು 1 ಕೆ.ಜಿ. ಎಣ್ಣೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೂವನ್ನು ನೀರಿನ ಜೊತೆ ಹಂಡೆಗೆ ಹಾಕಿ ಕಾಯಿಸುತ್ತಾರೆ. ಹಬೆ ತಣಿದು ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತದೆ, ಕಡೆದ ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದ ಹಾಗೆ. ಆ ಬೆಣ್ಣೆಯೇ ನೆರೋಲಿ. ಕೆಳಗೆ ಉಳಿದ ಮಜ್ಜಿಗೆ ಅಂದರೆ ಕಿತ್ತಳೆ ಹೂವಿನ ನೀರು, ನಮ್ಮ ಪನ್ನೀರು ಇದ್ದ ಹಾಗೆ. ಅದನ್ನು ಯಾರೂ ಚೆಲ್ಲುವುದಿಲ್ಲ.

ಇನ್ನೊಂದು ದಾರಿಯಲ್ಲಿ ಹೂವನ್ನು ಬೇಯಿಸುವುದೇ ಇಲ್ಲ. ಹೆಕ್ಸೇನ್ ತರಹದ ದ್ರಾವಕದಲ್ಲಿ ನೆನೆಸುತ್ತಾರೆ. ದ್ರಾವಕ ಹಾರಿಸಿದರೆ ಮೇಣದಂಥ ಮುದ್ದೆ ಉಳಿಯುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ತೊಳೆದು ಮೇಣ ತೆಗೆದರೆ ಕೈಗೆ ಬರುವುದು ಗಾಢ ಬಣ್ಣದ ಮಂದ ದ್ರವ. ಆಬ್ಸಲ್ಯೂಟ್ ಅನ್ನುತ್ತಾರೆ. ಸೆಂಟಿನವರು ಆರೆಂಜ್ ಬ್ಲಾಸಮ್ ಅಂದಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಇದರ ಪರಿಮಳ. ಅದೇ ಮರದ ಎಲೆ, ಎಳೆ ಕಡ್ಡಿಗಳನ್ನು ಬಟ್ಟಿ ಇಳಿಸಿದರೆ ಬರುವುದು ಪೆಟಿಗ್ರೇನ್ ಅನ್ನುವ ಮೂರನೇ ಎಣ್ಣೆ. ಬೆಲೆಯಲ್ಲಿ ನೆರೋಲಿಗೂ ಅದಕ್ಕೂ ಅಜಗಜಾಂತರ, ಅದು ಬಹಳ ಅಗ್ಗ.

ನೆರೋಲಿ ಅನ್ನುವ ಹೆಸರು ಬಂದದ್ದು ರೋಮ್ ಹತ್ತಿರದ ನೆರೋಲಾ ಊರಿನಿಂದ. 17ನೇ ಶತಮಾನದಲ್ಲಿ ಅಲ್ಲಿನ ರಾಜಕುಮಾರಿಯೊಬ್ಬಳು ಕೈಗವಸಿಗೆ ಈ ಎಣ್ಣೆ ಹಾಕಿಸುತ್ತಿದ್ದಳಂತೆ. ಆಗ ಚರ್ಮ ಹದ ಮಾಡುತ್ತಿದ್ದ ರೀತಿಗೆ ಕೈಗವಸು ಗಬ್ಬು ನಾರುತ್ತಿತ್ತು, ಅದಕ್ಕೆ. ರಾಜಕುಮಾರಿಯಾದರೇನು, ನಾತ ನಾತವೇ.

ಈಗ ಎಡಗೈ. ನೆರೋಲಿ ಹಚ್ಚಿದ ಮೊದಲ ಹತ್ತು ನಿಮಿಷ ಸ್ವರ್ಗ. ಸುಳ್ಳು ಹೇಳುವುದಿಲ್ಲ, ಅಷ್ಟು ಹೊತ್ತಿಗೆ ಅದರಷ್ಟು ಚೆಂದದ ಪರಿಮಳ ಇನ್ನೊಂದಿಲ್ಲ. ನಿಂಬೆ ಎಲೆಯನ್ನು ಬೆರಳಿನಲ್ಲಿ ಹಿಸುಕಿದ ಹಸಿರು, ಸ್ವಲ್ಪ ಕಹಿ, ಒಗೆದು ಬಿಸಿಲಿಗೆ ಒಣಗಿಸಿದ ಬಿಳಿ ಬಟ್ಟೆಯ ಹಿತ, ಅದರ ಹಿಂದೆ ಎಲ್ಲೋ ಒಂದು ಹೂವು. ಆಮೇಲೆ ಹೊರಟುಹೋಗುತ್ತದೆ. ನಮ್ಮ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಂತೂ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಅರ್ಧ ಮಾಯ.

ಇದು ಎಣ್ಣೆಯ ತಪ್ಪಲ್ಲ. ಅದರ ಸ್ವಭಾವವೇ ಹಾಗೆ. ಲಿನಲೂಲ್, ಲಿಮೊನೀನ್, ಪೈನೀನ್, ಲಿನಲಿಲ್ ಅಸಿಟೇಟ್. ನೆರೋಲಿಯಲ್ಲಿ ಜಾಸ್ತಿ ಇರುವುದು ಇಂಥ ಹಗುರ ಪದಾರ್ಥಗಳು. ಬೇಗ ಹಾರುತ್ತವೆ, ಅದಕ್ಕೇ ಅಷ್ಟು ಬೇಗ ಮೂಗಿಗೂ ಬಡಿಯುತ್ತವೆ. ತಡವಾಗಿ ಹೋಗುವ ನೆರೋಲಿಡಾಲ್, ಫಾರ್ನೆಸಾಲ್ ಇದ್ದರೂ ಪಾಲು ಚಿಕ್ಕದು. ಹಾಗಾಗಿ ನೆರೋಲಿ ಸೆಂಟನ್ನು ಸಂಜೆವರೆಗೆ ನಿಲ್ಲಿಸಬೇಕೆಂದರೆ ಮಾಡುವವರಿಗೆ ಹೆಚ್ಚು ದಾರಿಗಳಿಲ್ಲ. ಅಡಿಪಾಯವಾಗಿ ಮಸ್ಕ್, ಆಂಬರ್, ಮರದ ಪರಿಮಳದಂಥ ನಿಧಾನ ಹಾರುವವನ್ನು ಇಡುತ್ತಾರೆ. ಮಧ್ಯಾಹ್ನ ನಿಮ್ಮ ಕೈಯಲ್ಲಿ ಉಳಿದಿರುವುದು ಅದು. ನೀವು ನೆರೋಲಿ ಉಳಿದಿದೆ ಅಂದುಕೊಂಡು ಖುಷಿಪಡುತ್ತೀರಿ.

ಒಂದು ದೊಡ್ಡ ಹೆಸರಿನ ನೆರೋಲಿಯ 10 ಮಿಲಿ ಡಿಕ್ಯಾಂಟ್, ಅಂದರೆ ದೊಡ್ಡ ಬಾಟಲಿಯಿಂದ ಚಿಕ್ಕದಕ್ಕೆ ಬಗ್ಗಿಸಿದ್ದು, ನನ್ನ ಹತ್ತಿರ ಇದೆ. ಹೆಸರು ಬೇಡ ಬಿಡಿ. ಪೂರ್ತಿ ಬಾಟಲಿಗೆ ಐದಂಕಿಯ ಬೆಲೆ. ಅದರ ಪಕ್ಕದಲ್ಲಿ 4711 ಇಟ್ಟು ನೋಡಿದೆ. ಜರ್ಮನಿಯ ಕಲೋನ್ ನಗರದ ಹಳೇ ಕಲೋನ್ ಅದು, ಅಂದರೆ ಆ ಊರಿನ ಹೆಸರೇ ಹೊತ್ತ ಹಗುರ ಸೆಂಟು. ನಿಂಬೆ, ಕಿತ್ತಳೆ, ಲ್ಯಾವೆಂಡರ್, ರೋಸ್ಮರಿ ಜೊತೆ ನೆರೋಲಿ. ಅದೇ ಊರಿನಲ್ಲಿ ಕಲೋನ್ ಮಾಡುವ ಫರೀನಾ ಮನೆತನದ ಅಂಗಡಿ ಶುರುವಾದದ್ದು 1709ರಲ್ಲಿ. ಅಂದರೆ ಈ ಹದವನ್ನು ಜನ ಮುನ್ನೂರು ವರ್ಷದಿಂದ ತಿದ್ದುತ್ತಾ ಬಂದಿದ್ದಾರೆ. ನನ್ನ ಕೈಯಲ್ಲಿ 4711 ಇರುವುದು ಅರ್ಧ ಗಂಟೆ. ಆ ದುಬಾರಿಯದ್ದು ಎರಡು ಗಂಟೆ. ಮೊದಲ ಹತ್ತು ನಿಮಿಷದಲ್ಲಿ ದುಬಾರಿಯದ್ದು ಹೆಚ್ಚು ನಯ, ಹೆಚ್ಚು ಹೂವು, ಒಪ್ಪಿಕೊಳ್ಳುತ್ತೇನೆ. ಆದರೆ ಬೆಲೆಯ ಅಂತರದಷ್ಟು ಚೆಂದವಾ? ಖಂಡಿತ ಇಲ್ಲ. ಕಲೋನ್ ಅಂದರೆ ಧಾರಾಳವಾಗಿ ಸುರಿದುಕೊಳ್ಳುವ ವಸ್ತು. ಮುಖಕ್ಕೆ, ಕತ್ತಿಗೆ, ಕರ್ಚೀಫಿಗೆ, ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ. ಲೆಕ್ಕ ಹಾಕಿ ಒಂದೊಂದೇ ಸ್ಪ್ರೇ ಹೊಡೆಯಬೇಕಾದರೆ ಅದರ ಸುಖವೇ ಹೋಯಿತು.

ಆನ್‌ಲೈನಿನಲ್ಲಿ ಮಾರುವ "ನೂರಕ್ಕೆ ನೂರು ಶುದ್ಧ ನೆರೋಲಿ ಎಣ್ಣೆ"ಯ ವಿಷಯವನ್ನೂ ಹೇಳಲೇಬೇಕು. ನಾನೇ ಮೋಸ ಹೋಗಿದ್ದೇನೆ. ಮೂರು ವರ್ಷದ ಹಿಂದೆ 10 ಮಿಲಿಗೆ 350 ರೂಪಾಯಿ ಕೊಟ್ಟೆ. ಕಂದು ಬಾಟಲಿ, ಮೇಲೆ ಬಿಳಿ ಹೂವಿನ ಚಿತ್ರ, ಒಳ್ಳೇ ಡ್ರಾಪರ್. ಆವತ್ತು ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. 10 ಮಿಲಿ ಅಂದರೆ ಸುಮಾರು 9 ಗ್ರಾಂ. ಮೇಲೆ ಹೇಳಿದ ಲೆಕ್ಕದಲ್ಲಿ ಅದಕ್ಕೆ 9 ಕೆ.ಜಿ. ಹೂವು ಬೇಕು. ಕೈಯಿಂದ ಬಿಡಿಸಿದ ಹೂವು. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡವರಿಗೆ ಹೂವಿನ ರೇಟು ಗೊತ್ತು. ಒಂಬತ್ತು ಕೆ.ಜಿ. ಹೂವು ಬಿಡಿಸಿ, ಬಟ್ಟಿ ಇಳಿಸಿ, ಸಮುದ್ರ ದಾಟಿಸಿ, ಬಾಟಲಿಗೆ ತುಂಬಿ, ಕೊರಿಯರ್ ಮಾಡಿ 350 ರೂಪಾಯಿ! ಯಾವ ಧರ್ಮಾತ್ಮ ಕೊಡುತ್ತಾನೆ?

ಬಾಟಲಿಯಲ್ಲಿ ಇದ್ದದ್ದು ಏನು ಅಂತ ನನ್ನ ಮೂಗು ಹೇಳುವುದು ಪೆಟಿಗ್ರೇನ್, ಮೇಲೆ ಲ್ಯಾಬಿನ ಲಿನಲೂಲ್. ನೆರೋಲಿಗೆ ಬೆರಕೆ ಮಾಡುವ ಹಳೇ ದಾರಿ ಇದು. ಒಂದೇ ಮರದ್ದಾದ್ದರಿಂದ ಪೆಟಿಗ್ರೇನ್ ಸುಲಭವಾಗಿ ಹೊಂದಿಕೊಳ್ಳುತ್ತದೆ. ಪರೀಕ್ಷೆ ಮಾಡಲು ಸೆಂಟು ಅಂಗಡಿಯಲ್ಲಿ ಮೂಸಲು ಕೊಡುವ ಬ್ಲಾಟರ್ ಕಾಗದವೇ ಬೇಕಂತಿಲ್ಲ. ನಾನು ಹಳೇ ಮದುವೆ ಕರೆಯೋಲೆಯ ಒಳಹಾಳೆಯನ್ನು ಬೆರಳಗಲ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮಿರಮಿರ ಮಿಂಚುವ ಹಾಳೆ ಬೇಡ, ಒರಟು ಹಾಳೆ ಆಗಬೇಕು. ಒಂದು ಹನಿ ಹಾಕಿ ಗಂಟೆಗೊಮ್ಮೆ ನೋಡಿ. ನಿಜವಾದ ನೆರೋಲಿ ಮಂಕಾಗುತ್ತಾ ಹೋದರೂ ಕೊನೆಯಲ್ಲಿ ಹೂವಿನ ಒಂದು ಸಣ್ಣ ಎಳೆ ಉಳಿಯುತ್ತದೆ. ನನ್ನ 350 ರೂಪಾಯಿಯದ್ದು ಒಣಗಿದ ಕಡ್ಡಿಯಾಗಿ ಮುಗಿಯಿತು.

ಇನ್ನು ಬಲಗೈ. ಆರೆಂಜ್ ಬ್ಲಾಸಮ್ ಮೊದಲ ಹತ್ತು ನಿಮಿಷ ಅಷ್ಟೇನೂ ಇಷ್ಟವಾಗುವುದಿಲ್ಲ. ದಪ್ಪ, ಜೇನಿನಂತೆ ಸಿಹಿ, ಸ್ವಲ್ಪ ತಲೆ ಭಾರ. ಅಮ್ಮ ಮೊದಲ ದಿನ ಮೂಸಿ "ಇದು ಹೇರಳೆ ಹೂವಿನ ಹಾಗೆ ಉಂಟಲ್ಲ. ಆದ್ರೆ ಮಲ್ಲಿಗೆ ಬಾಡಿದ ವಾಸನೆಯೂ ಉಂಟು" ಅಂದರು. ಕೆಮಿಸ್ಟ್ರಿ ಓದದ ನನ್ನ ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಹೇರಳೆಯೂ ಅದೇ ನಿಂಬೆ-ಕಿತ್ತಳೆ ಕುಟುಂಬದ್ದು. ಬಾಡಿದ ಮಲ್ಲಿಗೆಗೆ ಕಾರಣ ಇಂಡೋಲ್. ಮಲ್ಲಿಗೆಯಲ್ಲಿ ಇರುವ ಪದಾರ್ಥ, ಕಿತ್ತಳೆ ಹೂವಿನ ಆಬ್ಸಲ್ಯೂಟಿನಲ್ಲೂ ಇದೆ. ಇಂಡೋಲನ್ನೇ ಬೇರೆಯಾಗಿ ಮೂಸಿದರೆ ಕೊಟ್ಟಿಗೆ, ಕೊಳೆತ ವಾಸನೆ. ಹೂವಿನೊಳಗೆ ಹದವಾಗಿ ಬೆರೆತಾಗ ಅದೇ ಜೀವ ತುಂಬುತ್ತದೆ. ವಿದೇಶಿಯರು ಇಂಡೋಲ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಭಯ ಭಕ್ತಿಯಿಂದ. ನಮಗೆ ಅದರಲ್ಲಿ ವಿಶೇಷವೇನಿಲ್ಲ. ಮದುವೆಮನೆಯಲ್ಲಿ ಬೆಳಿಗ್ಗೆ ಮುಡಿದ ಶಂಕರಪುರ ಮಲ್ಲಿಗೆ ರಾತ್ರಿ ಬಸ್ಸಿನಲ್ಲಿ ಮುಂದಿನ ಸೀಟಿನ ತಲೆಯಿಂದ ಬರುತ್ತದಲ್ಲ, ಅದೇ. ಈ ವಿಷಯದಲ್ಲಿ ನಮ್ಮ ಮೂಗು ಹುಟ್ಟಿನಿಂದಲೇ ತಯಾರು.

ಇನ್ನೊಂದು ಮೀಥೈಲ್ ಆಂತ್ರನಿಲೇಟ್. ದ್ರಾಕ್ಷಿ ಚಾಕಲೇಟು, ದ್ರಾಕ್ಷಿ ಬಬಲ್‌ಗಮ್ ನೆನಪಿದೆಯಾ? ಆ ವಾಸನೆ ಇದರದ್ದು. ಅಗ್ಗದ ಆರೆಂಜ್ ಬ್ಲಾಸಮ್ ಸೆಂಟುಗಳು ಸೋಲುವುದು ಇಲ್ಲೇ. ಇಂಡೋಲ್ ಹಾಕಲು ಹೆದರುತ್ತಾರೆ, ದ್ರಾಕ್ಷಿ ಜಾಸ್ತಿ ಮಾಡುತ್ತಾರೆ, ಸಕ್ಕರೆ ಸುರಿಯುತ್ತಾರೆ. ಮೂರು ಗಂಟೆಯ ನಂತರ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಿಬಂದ ಅಂಗಿಯ ಹಾಗೆ ನಾರುತ್ತೀರಿ. ಲ್ಯಾಬಿನದ್ದು ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಔರಾಂಟಿಯಾಲ್ ಅನ್ನುವ ಲ್ಯಾಬಿನ ಪದಾರ್ಥ ಇಲ್ಲದಿದ್ದರೆ ಎಷ್ಟೋ ಒಳ್ಳೇ ಸೆಂಟುಗಳೇ ಇರುತ್ತಿರಲಿಲ್ಲ. ಕೈಚಳಕದ ಮಾತು ಅದು. ನೆರೋಲಿಯಲ್ಲಿ ಕೈಚಳಕ ಕಡಿಮೆ ಇದ್ದರೆ ಅರ್ಧ ಗಂಟೆಯಲ್ಲಿ ತಪ್ಪೇ ಹಾರಿಹೋಗುತ್ತದೆ. ಇಲ್ಲಿ ತಪ್ಪು ರಾತ್ರಿವರೆಗೆ ನಿಮ್ಮ ಜೊತೆಗೇ ಇರುತ್ತದೆ. ದುಡ್ಡು ಕೊಟ್ಟರೆ ವ್ಯತ್ಯಾಸ ಕಾಣುವುದು ಇಲ್ಲಿ ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ನೀವು ಈಗಾಗಲೇ ಕಿತ್ತಳೆ ಹೂವು ಹಚ್ಚಿಕೊಂಡಿರಬಹುದು, ಗೊತ್ತಿಲ್ಲದೆ. 1995ರ ಲೆ ಮಾಲ್ ಅನ್ನುವ ಗಂಡಸರ ಸೆಂಟು, ಗಂಡಸಿನ ಮುಂಡದ ಆಕಾರದ ನೀಲಿ ಬಾಟಲಿ, ಅದರಲ್ಲಿ ಪುದೀನ, ಲ್ಯಾವೆಂಡರ್, ವೆನಿಲ್ಲಾ ನಡುವೆ ಆರೆಂಜ್ ಬ್ಲಾಸಮ್ ಇದೆ. ಹೂವಿನ ಸೆಂಟು ಹೆಂಗಸರಿಗೆ ಅಂತ ಹೇಳುವ ನನ್ನ ಗೆಳೆಯ ಹತ್ತು ವರ್ಷದಿಂದ ಅದನ್ನೇ ಹೊಡೆದುಕೊಂಡು ಓಡಾಡುತ್ತಿದ್ದಾನೆ. ಲೆ ಮಾಲ್ ಮಾಡಿದ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಅವರೇ 2011ರಲ್ಲಿ ಫ್ಯಾಷನ್ ಡಿಸೈನರ್ ಎಲಿ ಸಾಬ್ ಹೆಸರಿನ ಲೆ ಪರ್ಫ್ಯೂಮ್ ಮಾಡಿದರು. ಅಲ್ಲಿ ಈ ಹೂವಿಗೇ ಪಟ್ಟ. ಬೆಲೆ ಮತ್ತು ಗುಣ ಎರಡನ್ನೂ ತೂಗಿದರೆ ನನ್ನ ಮೊದಲ ಆಯ್ಕೆ ಅದು. ಜೇನು ಜಾಸ್ತಿ ಅನ್ನುವವರಿದ್ದಾರೆ, ನನಗೆ ಹಾಗನ್ನಿಸಿಲ್ಲ.

ಸೆರ್ಜ್ ಲುಟೆನ್ಸ್ ಅನ್ನುವ ಫ್ರೆಂಚ್ ಕಂಪನಿಯ ಫ್ಲೆರ್ ದೊರಾಂಜೆ ಸೆಂಟು ಇನ್ನೂ ದುಬಾರಿ. ಅದರಲ್ಲಿ ಜೀರಿಗೆ ಇದೆ. ಹೌದು, ನಮ್ಮ ಸಾರಿಗೆ ಹಾಕುವ ಜೀರಿಗೆ. ಬಿಳಿ ಹೂವಿಗೆ ಒಂದಿಷ್ಟು ಮೈ ಬೆವರಿನ ಬಿಸಿ ಕೊಡಲು ಹಾಕಿದ್ದು. ಯುರೋಪಿನವರಿಗೆ ಅದು ಬೆವರು. ಅಮ್ಮನಿಗೆ ಬಲಗೈ ಚಾಚಿದೆ. ಒಮ್ಮೆ ಮೂಸಿದರು, ಇನ್ನೊಮ್ಮೆ ಮೂಸಿದರು.

"ಎಂತ ಮಗ, ಕಷಾಯದ ಹುಡಿ ಮುಟ್ಟಿದ್ದೀಯಾ?"

ಆ ಸ್ಯಾಂಪಲ್ಲಿಗೆ ಕೊಟ್ಟ ದುಡ್ಡು ನೆನಪಾಗಿ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆದರೆ ಸಂಜೆ ಆರು ಗಂಟೆಗೂ ಅದು ಕೈಯಲ್ಲಿತ್ತು. ಆ ಹೊತ್ತಿಗೆ ಜೀರಿಗೆ ಹೋಗಿ, ಹೂವು ಮಾತ್ರ, ಮೆತ್ತಗೆ, ಚರ್ಮದ್ದೇ ವಾಸನೆ ಅನ್ನುವ ಹಾಗೆ. ಎಡಗೈಯಲ್ಲಿ ಮಧ್ಯಾಹ್ನದಿಂದಲೇ ಏನೂ ಇರಲಿಲ್ಲ.

ಇದಕ್ಕಿಂತ ಅಗ್ಗದ ದಾರಿ ಒಂದಿದೆ, ಅದು ಅಡುಗೆಮನೆಯದ್ದು. ಮೇಲೆ ಹೇಳಿದ ಮಜ್ಜಿಗೆ, ಅಂದರೆ ಕಿತ್ತಳೆ ಹೂವಿನ ನೀರು. ಹೂವಿನ ಪರಿಮಳದಲ್ಲಿ ಎಣ್ಣೆಗೆ ಸೇರದೆ ನೀರಿನಲ್ಲೇ ಉಳಿಯುವ ಭಾಗ ಸಾಕಷ್ಟಿದೆ. ಹಾಗಾಗಿ ಈ ನೀರು ನೆರೋಲಿಗಿಂತ ಆರೆಂಜ್ ಬ್ಲಾಸಮ್‌ಗೇ ಹತ್ತಿರ ಅಂತ ನನಗೆ ಅನ್ನಿಸುತ್ತದೆ. ಟ್ಯುನೀಶಿಯಾ, ಮೊರಾಕೊ, ಲೆಬನಾನ್ ಕಡೆ ಇದನ್ನು ಸಿಹಿತಿಂಡಿಗೆ ಹಾಕುತ್ತಾರೆ. ಲೆಬನಾನಿನಲ್ಲಿ ಊಟದ ನಂತರ ಬಿಸಿನೀರಿಗೆ ಇದನ್ನು ಸ್ವಲ್ಪ ಬೆರೆಸಿ ಕುಡಿಯುತ್ತಾರೆ. ಹೆಸರು ಬಿಳಿ ಕಾಫಿ, ಕಾಫಿ ಮಾತ್ರ ಒಂದು ಚೂರೂ ಇರುವುದಿಲ್ಲ. ಶಾರ್ಜಾದಲ್ಲಿರುವ ಅಕ್ಕನಿಗೆ ಅಲ್ಲಿನ ಸೂಪರ್ ಮಾರ್ಕೆಟ್ಟಿನಿಂದ ಒಂದು ಬಾಟಲಿ ತರಲು ಹೇಳಿದ್ದೆ. "ನಿನಗೆಂತ ಮರ್ಲಾ? ಇಷ್ಟು ದೂರದಿಂದ ನೀರು ತರಬೇಕಾ?" ಅಂತ ಬೈದಳು. ಬೈದರೂ ತಂದಳು, ಒಂದಲ್ಲ ಎರಡು. ಅಲ್ಲಿ ಅದಕ್ಕೆ ಜುಜುಬಿ ಬೆಲೆಯಂತೆ.

ನೀವು ಗಲ್ಫ್‌ನಲ್ಲಿದ್ದರೆ, ಅಥವಾ ನಿಮ್ಮವರು ಯಾರಾದರೂ ಇದ್ದರೆ, ಸೆಂಟಿಗೆ ದುಡ್ಡು ಹಾಕುವ ಮೊದಲು ಈ ನೀರು ತರಿಸಿ. ಸುಮ್ನೆ ಒಂದು ಹನಿ ಮುಂಗೈಗೆ ಹಾಕಿ ಮೂಸಿ. ಅದು ಇಷ್ಟವಾಗದಿದ್ದರೆ ದುಬಾರಿ ಆರೆಂಜ್ ಬ್ಲಾಸಮ್ ಕೂಡ ಇಷ್ಟವಾಗಲಿಕ್ಕಿಲ್ಲ. ಅಷ್ಟು ದುಡ್ಡು ಉಳಿಯಿತು.

ನಮ್ಮ ಮನೆಯ ಮೊದಲ ಬಾಟಲಿ ಈಗ ಅರ್ಧ ಖಾಲಿ. ನಾನು ಮೂಸಿ ಖಾಲಿ ಮಾಡಿದ್ದಲ್ಲ. ಏಲಕ್ಕಿ ಮುಗಿದಿದ್ದ ದಿನ ಅಮ್ಮ ಶ್ಯಾವಿಗೆ ಪಾಯಸಕ್ಕೆ ಒಂದು ಚಮಚ ಹಾಕಿದರು. ಈಗ ಏಲಕ್ಕಿ ತಂದಿಟ್ಟರೂ ಬಾಟಲಿ ಪಾಯಸದ ಪಾತ್ರೆಯ ಪಕ್ಕದಲ್ಲೇ ಇರುತ್ತದೆ. ಎರಡನೆಯದನ್ನು ನಾನು ನನ್ನ ಕೋಣೆಯ ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ.