‘ಏನೂ ಇಲ್ರೀ ಅದರಾಗ’ ಅನ್ನುವವರಿಗೆ

ನಿಧಾನಕ್ಕೆ ಕಾವೇರುವ ದೆವ್ವದ ಸಿನಿಮಾ ನೋಡಿ ಹೊರಗೆ ಬಂದವರನ್ನು ಒಮ್ಮೆ ಮಾತಾಡಿಸಿ. ಕೆಲವರ ಬಾಯಲ್ಲಿ ಒಂದೇ ಮಾತು: “ಏನೂ ಇಲ್ರೀ ಅದರಾಗ.” ಇನ್ನು ಕೆಲವರು ಮಾತೇ ಬೇಡ ಅನ್ನುವ ಹಾಗೆ ಸುಮ್ನೆ ಗಾಡಿ ಕಡೆ ನಡೆದುಬಿಡುತ್ತಾರೆ. ಇಬ್ಬರೂ ನೋಡಿದ್ದು ಅದೇ ಸಿನಿಮಾ, ಅದೇ ಶೋ.

ನನಗೆ ಈ ಥರದ ಸಿನಿಮಾ ಅಂದ್ರೆ ಪ್ರಾಣ. ಅದಕ್ಕೇ ಆ “ಏನೂ ಇಲ್ಲ” ಅನ್ನೋ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇವತ್ತು ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ.

ಧಾರವಾಡದ ಮಾಳಮಡ್ಡಿಯಲ್ಲಿ ನನ್ನ ಗೆಳೆಯನ ಹಳೇ ಹಂಚಿನ ಮನೆ ಇದೆ. ಅಲ್ಲಿ ಪಡಸಾಲೆಯ ಗೋಡೆಗೆ ಬಿಳಿ ಬೆಡ್‌ಶೀಟ್ ಬಿಗಿದು, ಪ್ರೊಜೆಕ್ಟರ್ ಇಟ್ಟು ಆಗಾಗ ಸಿನಿಮಾ ನೋಡುತ್ತೇವೆ. ಈ ಸಲ ಹಾಕಿದ್ದು ‘ಹೆರೆಡಿಟರಿ’. ಆರಿ ಆಸ್ಟರ್ ಅನ್ನೋ ನಿರ್ದೇಶಕನ ಮೊದಲ ದೊಡ್ಡ ಸಿನಿಮಾ, 2018ರದು, ಎರಡು ತಾಸು ಏಳು ನಿಮಿಷ. ನೋಡೋಕೆ ಬಂದವರು ತರಹೇವಾರಿ ಜನ. ಮಹಡಿ ಮೇಲೆ ಬಾಡಿಗೆಗಿದ್ದು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗರು, ಗೆಳೆಯನ ಹೆಂಡತಿ, ಹಾವೇರಿಯಿಂದ ಬಂದಿದ್ದ ನಮ್ಮ ದೊಡ್ಡವ್ವ. ದೊಡ್ಡವ್ವನಿಗೆ ಇಂಗ್ಲಿಷ್ ಬರೋದಿಲ್ಲ. ಗೆಳೆಯನ ಹೆಂಡತಿ ಪಕ್ಕದಲ್ಲಿ ಕೂತು ಬೇಕಾದಷ್ಟನ್ನು ಕಿವಿಯಲ್ಲಿ ಹೇಳುತ್ತಿದ್ದಳು.

ಕಥೆ ಶುರುವಾಗೋದು ಒಂದು ಸಾವಿನಿಂದ. ಆ್ಯನಿ ಅನ್ನೋ ಹೆಂಗಸಿನ ತಾಯಿ ತೀರಿಕೊಂಡಿದ್ದಾಳೆ. ಆ್ಯನಿ ಪುಟ್ಟ ಪುಟ್ಟ ಮನೆಗಳ ಮಾದರಿ ಮಾಡುವ ಕಲಾವಿದೆ. ಗಂಡ, ಒಬ್ಬ ಮಗ, ಒಬ್ಬ ಮಗಳು. ಮೊದಲ ಅರ್ಧ ತಾಸು ದೆವ್ವ ಅಂತ ಹೇಳುವಂಥದ್ದು ಹೆಚ್ಚೇನೂ ಕಾಣೋದಿಲ್ಲ. ಕಾಣೋದು ಸೂತಕದ ಮನೆ. ಊಟ ಮಾಡ್ತಾರೆ, ಮಲಗ್ತಾರೆ, ಒಬ್ಬರ ಮುಖ ಒಬ್ಬರು ನೋಡೋದಿಲ್ಲ.

ಹುಡುಗರಲ್ಲಿ ಒಬ್ಬ ಇಷ್ಟರಲ್ಲೇ ಮೊಬೈಲ್ ತೆಗೆದಿದ್ದ. ಮಗಳು ಸಿನಿಮಾದಲ್ಲಿ ಆಗಾಗ ನಾಲಿಗೆಯಿಂದ ‘ಟಕ್’ ಅಂತ ಸದ್ದು ಮಾಡ್ತಾಳೆ. ಇನ್ನೊಬ್ಬ ಹುಡುಗ ಅದನ್ನೇ ಅಣಕಿಸಿದ, ಉಳಿದವರು ನಕ್ಕರು. ಗಿರ್ಮಿಟ್ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು.

ದೊಡ್ಡವ್ವ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೇಳಿದಳು, “ಇವ್ರ ಮನಿಗೆ ಯಾರೂ ಮಾತಾಡ್ಸಾಕ ಬರಂಗಿಲ್ಲೇನ?”

ನಮ್ಮ ಕಡೆ ಸಾವಾದ ಮನೆಗೆ ಜನ ಬರುತ್ತಲೇ ಇರುತ್ತಾರೆ. ಬುತ್ತಿ ತರುತ್ತಾರೆ, ಒಲೆ ಹೊತ್ತಿಸಲು ಬಿಡೋದಿಲ್ಲ, ಸತ್ತವರ ಮಾತು ತೆಗೆದು ಅಳಿಸುತ್ತಾರೆ. ಆ್ಯನಿಯ ಮನೆಗೆ ಹಾಗೆ ಯಾರೂ ಬರೋದಿಲ್ಲ. ದೊಡ್ಡವ್ವನಿಗೆ ಮೊದಲು ಭಯ ಹುಟ್ಟಿಸಿದ್ದು ಅದು. ದೆವ್ವ ಆಮೇಲೆ. ಮುಂದೆ ಜೋನ್ ಅನ್ನೋ ಒಬ್ಬ ಹೆಂಗಸು ತಾನಾಗಿಯೇ ಕಾರಿನ ಹತ್ತಿರ ಬಂದು ಆ್ಯನಿಯನ್ನು ಸಮಾಧಾನ ಮಾಡ್ತಾಳೆ. ನಾವೆಲ್ಲ ಪಾಪ, ಒಳ್ಳೆಯ ಹೆಂಗಸು ಅಂದುಕೊಂಡೆವು. ದೊಡ್ಡವ್ವ ಅಲ್ಲೇ ಅಂದಳು, “ಕರೀಲಾರದ ಬಂದಾಳ. ಅಕಿನ್ನ ನಂಬಬಾರದು.” ಜೋನ್ ಎಂಥವಳು ಅನ್ನೋದನ್ನು ಸಿನಿಮಾ ಹೇಳೋದು ಬಹಳ ಹೊತ್ತಿನ ಮೇಲೆ. ನೋಡದವರಿಗಾಗಿ ಅದನ್ನು ಇಲ್ಲಿ ಬಿಡಿಸಿ ಹೇಳೋದಿಲ್ಲ.

ನನ್ನ ವಾದ ಇಷ್ಟೇ. ಈ ಸಿನಿಮಾಗಳಲ್ಲಿ ಏನೂ ಆಗೋದಿಲ್ಲ ಅನ್ನೋದು ಸರಿಯಲ್ಲ. ಬಹಳ ಆಗುತ್ತದೆ. ಆದರೆ ಆಗುತ್ತಿರೋದನ್ನು ಬೆರಳು ಮಾಡಿ ತೋರಿಸೋದಿಲ್ಲ. ಸದ್ದು ಮಾಡಿ “ಈಗ ಹೆದರು” ಅಂತ ಹೇಳೋದಿಲ್ಲ. ನೋಡುವವನೇ ಹುಡುಕಬೇಕು. ಹುಡುಕುವ ಮನಸ್ಸು ಮಾಡದವನ ಕಣ್ಣಿಗೆ ಅಲ್ಲಿ ನಿಜವಾಗಿಯೂ ಏನೂ ಕಾಣೋದಿಲ್ಲ.

ಕಾರಿನ ದೃಶ್ಯ ಬಂತು. ಏನಾಗುತ್ತದೆ ಅಂತ ಬರೆಯೋದಿಲ್ಲ. ಆದಮೇಲೆ ಮಗ ಪೀಟರ್ ಸ್ಟೇರಿಂಗ್ ಹಿಡಿದು ಕೂತೇ ಇರ್ತಾನೆ. ಹಿಂದಕ್ಕೆ ತಿರುಗಿ ನೋಡೋದಿಲ್ಲ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲೋದಿಲ್ಲ. ಮನೆಗೆ ಬಂದು ಸುಮ್ಮನೆ ಹಾಸಿಗೆಯಲ್ಲಿ ಬಿದ್ದುಕೊಳ್ತಾನೆ. ಬೆಳಗಾದ ಮೇಲೆ ತಾಯಿ ಚೀರೋದು ನಮಗೆ ಕೇಳುತ್ತದೆ ಅಷ್ಟೇ. ತೆರೆಯ ಮೇಲೆ ಇನ್ನೂ ಪೀಟರನ ಮುಖವೇ ಇರುತ್ತದೆ. ಪಡಸಾಲೆಯಲ್ಲಿ ಗಿರ್ಮಿಟ್ ಅಗಿಯುವ ಸದ್ದು ನಿಂತಿತು. ಅಣಕಿಸಿದ ಹುಡುಗ ಮೊಣಕಾಲು ಎದೆಗೆ ಎಳೆದುಕೊಂಡು ಕೂತ. ಆಮೇಲೆ ಪೀಟರನ ಕತ್ತಲೆ ಕೋಣೆಯಲ್ಲಿ ಅದೇ ‘ಟಕ್’ ಸದ್ದು ಕೇಳಿದಾಗ ಒಬ್ಬರೂ ನಗಲಿಲ್ಲ.

ಇನ್ನೊಂದು ದೃಶ್ಯವನ್ನು ಹೇಳಲೇಬೇಕು. ಕೊನೆಯ ಭಾಗದಲ್ಲಿ ಪೀಟರ್ ರಾತ್ರಿ ತನ್ನ ಕೋಣೆಯಲ್ಲಿ ಎಚ್ಚರಾಗ್ತಾನೆ. ಕೋಣೆ ಪೂರ್ತಿ ಕತ್ತಲು. ಸಂಗೀತ ಅಬ್ಬರಿಸೋದಿಲ್ಲ. ಕ್ಯಾಮೆರಾ ಅಲ್ಲಾಡೋದಿಲ್ಲ. ನಮ್ಮ ಕಣ್ಣು ಅವನ ಮೇಲೇ ಇರುತ್ತದೆ. ಆದರೆ ಅವನ ಹಿಂದೆ ಮೇಲಿನ ಮೂಲೆಯಲ್ಲಿ, ಗೋಡೆಯೂ ಸೂರೂ ಸೇರುವ ಜಾಗದಲ್ಲಿ, ಅವನ ತಾಯಿ ಅಂಟಿಕೊಂಡಿದ್ದಾಳೆ. ಮೊದಲಿಂದಲೂ ಅಲ್ಲೇ ಇದ್ದಾಳೆ.

ಬೀದಿ ದೀಪದ ಬೆಳಕು ಬರಬಾರದು ಅಂತ ಕಿಟಕಿಗೆ ಚಾದರ ಮುಚ್ಚಿದ್ದೆವು. ಅದು ಒಳ್ಳೆಯದಾಯಿತು. ಮೊದಲು ನೋಡಿದ್ದು ಗೆಳೆಯನ ಹೆಂಡತಿ. ಅವಳು ಕೂಗಲಿಲ್ಲ, ಉಸಿರೆಳೆದುಕೊಂಡಳು. ಅದನ್ನು ಕೇಳಿ ನಾವು ತೆರೆಯನ್ನು ಮತ್ತೆ ಹುಡುಕಿದೆವು. ನನಗೆ ಕಂಡಿತು, ಬೆನ್ನಲ್ಲಿ ತಣ್ಣಗೆ ಹರಿದ ಹಾಗಾಯಿತು. ಆಮೇಲೆ ಒಬ್ಬ ಹುಡುಗ, “ಲೇ, ಮ್ಯಾಲ ನೋಡಲೇ, ಮ್ಯಾಲ!” ಮೊಬೈಲ್ ಹಿಡಿದವನಿಗೆ ಮಾತ್ರ ಕಾಣಲೇ ಇಲ್ಲ. “ಎಲ್ಲಿ, ಎಲ್ಲಿ?” ಅನ್ನುವಷ್ಟರಲ್ಲಿ ಅವಳು ಸದ್ದಿಲ್ಲದೆ ಅಲ್ಲಿಂದ ಸರಿದು ಹೋಗಿದ್ದಳು. “ಸರ್, ಒಂಚೂರು ಹಿಂದ ಹಾಕ್ರಿ,” ಅಂದ. ಹಾಕಲಿಲ್ಲ. ಅವನ ಮೇಲಿನ ಸಿಟ್ಟಿಗಲ್ಲ. ಆ ದೃಶ್ಯ ಎರಡನೇ ಸಲಕ್ಕೆ ಹಾಗೆ ಕೆಲಸ ಮಾಡೋದಿಲ್ಲ, ಅದಕ್ಕೆ.

ಒಬ್ಬೊಬ್ಬರಿಗೆ ಒಂದೊಂದು ಗಳಿಗೆಯಲ್ಲಿ ಭಯ ಹತ್ತುತ್ತದೆ ನೋಡಿ, ಇದೇ ಈ ಸಿನಿಮಾಗಳ ಸೊಗಸು. ಢಂ ಅಂತ ಸದ್ದು ಮಾಡಿದರೆ ಹಾಲ್‌ನಲ್ಲಿರುವ ಎಲ್ಲರೂ ಒಟ್ಟಿಗೆ ಬೆಚ್ಚುತ್ತಾರೆ. ಅದು ಮೈಯ ಗುಣ, ತೊಟ್ಟಿಲಲ್ಲಿರುವ ಕೂಸೂ ಬೆಚ್ಚುತ್ತದೆ. ಹಾಗಂತ ಬೆಚ್ಚಿಸೋದು ಕೀಳು ಅಂತ ನಾನು ಹೇಳೋದಿಲ್ಲ. 1942ರ ‘ಕ್ಯಾಟ್ ಪೀಪಲ್’ ಸಿನಿಮಾದಲ್ಲಿ ಒಬ್ಬಳು ಹೆಂಗಸು ರಾತ್ರಿ ಒಂಟಿಯಾಗಿ ನಡೆದು ಬರ್ತಾಳೆ. ಹಿಂದೆ ಯಾರೋ ಬರುತ್ತಿದ್ದಾರೆ. ಹೆಜ್ಜೆ ಸದ್ದು ನಿಲ್ಲುತ್ತದೆ. ಅವಳಿಗೆ ದಿಗಿಲು. ಆಗ ಸರ್ರನೆ ಬುಸುಗುಟ್ಟುತ್ತಾ ಒಂದು ಬಸ್ಸು ಬಂದು ನಿಲ್ಲುತ್ತದೆ. ಅಷ್ಟೇ, ಬಸ್ಸು! ಇವತ್ತಿಗೂ ಸಿನಿಮಾದವರು ಈ ಉಪಾಯವನ್ನು ಆ ಚಿತ್ರದ ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಲ್ಲಿ ‘ಲ್ಯೂಟನ್ ಬಸ್’ ಅಂತಲೇ ಕರೆಯುತ್ತಾರೆ. ಅಲ್ಲಿ ಆ ಒಂದು ಸದ್ದಿಗಾಗಿ ಎಷ್ಟು ಹೊತ್ತು ಬರೀ ಹೆಜ್ಜೆ ಕೇಳಿಸಿದ್ದಾರೆ ಗಮನಿಸಿ. ಈಗಿನ ಎಷ್ಟೋ ಸಿನಿಮಾಗಳು ಬಸ್ಸನ್ನು ಇಟ್ಟುಕೊಂಡು ಹೆಜ್ಜೆಗಳನ್ನು ಕಿತ್ತು ಹಾಕಿವೆ. ಅಂಥವನ್ನೇ ನೋಡಿ ನೋಡಿ ನಮ್ಮ ಹುಡುಗರಿಗೆ ಹೆಜ್ಜೆ ಕೇಳುವ ಅಭ್ಯಾಸ ತಪ್ಪಿದೆ.

ಇದು ಬರೀ ನಮ್ಮೂರಿನ ಕಥೆಯಲ್ಲ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನೋ ಸಂಸ್ಥೆ ಹೊಸ ಸಿನಿಮಾ ಬಿಡುಗಡೆಯಾದ ದಿನ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಗ್ರೇಡ್ ಕೇಳುತ್ತದೆ. ‘ಹೆರೆಡಿಟರಿ’ಗೆ ಸಿಕ್ಕಿದ್ದು ಡಿ ಪ್ಲಸ್. ಅಂದ್ರೆ ಹೆಚ್ಚು ಕಡಿಮೆ ಫೇಲು. ವಿಮರ್ಶಕರು ಅದೇ ಸಿನಿಮಾವನ್ನು ತಲೆ ಮೇಲೆ ಹೊತ್ತು ಮೆರೆಸಿದ್ದರು. ಅದಕ್ಕೂ ಮೊದಲು 2016ರಲ್ಲಿ ತೆರೆಗೆ ಬಂದ ‘ದಿ ವಿಚ್’ಗೆ ಸಿಕ್ಕಿದ್ದು ಸಿ ಮೈನಸ್. ಅದೂ ಹೀಗೇ ನಿಧಾನಕ್ಕೆ ಹಬ್ಬುವ ಸಿನಿಮಾ. ಜನ ದಡ್ಡರು ಅಂತ ಇದರ ಅರ್ಥವಲ್ಲ. ಅವರಿಗೆ ಮಾತು ಕೊಟ್ಟದ್ದು ಒಂದು, ಬಡಿಸಿದ್ದು ಇನ್ನೊಂದು. ಟ್ರೇಲರ್‌ನಲ್ಲಿ ಇದ್ದಬದ್ದ ಚೀರಾಟವನ್ನೆಲ್ಲ ಎರಡು ನಿಮಿಷಕ್ಕೆ ತುಂಬುತ್ತಾರೆ. ಅದನ್ನು ನಂಬಿ ಶುಕ್ರವಾರ ರಾತ್ರಿ ದುಡ್ಡು ಕೊಟ್ಟು ಬಂದವನು ಸಿಟ್ಟಾಗೋದು ಸಹಜ. ಅವನ ಮೇಲೆ ನನಗೆ ದೂರಿಲ್ಲ. ಟ್ರೇಲರ್ ಕತ್ತರಿಸಿದವರ ಮೇಲೆ ಇದೆ.

ನಮ್ಮಲ್ಲೇ ನೋಡಿ. ಹಿಂದಿಯ ದೆವ್ವದ ಸಿನಿಮಾ ‘ತುಂಬಾಡ್’ ಕೂಡ 2018ರದೇ. ಆಗ ಥಿಯೇಟರ್‌ನಲ್ಲಿ ಸದ್ದಿಲ್ಲದೆ ಬಂದು ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮೊದಲ ಸಲಕ್ಕಿಂತ ಜಾಸ್ತಿ ಗಳಿಸಿತು. ಸಿನಿಮಾ ಬದಲಾಗಿರಲಿಲ್ಲ. ನೋಡಲು ಹೋದವರಿಗೆ ಈ ಸಲ ತಾವು ಏನು ನೋಡಲಿದ್ದೇವೆ ಅಂತ ಗೊತ್ತಿತ್ತು.

“ನಮ್ಮ ಜನಕ್ಕೆ ತಾಳ್ಮೆ ಇಲ್ಲ” ಅನ್ನೋ ಮಾತನ್ನೂ ನಾನು ಒಪ್ಪೋದಿಲ್ಲ. ಹಿಂದುಸ್ತಾನಿ ಸಂಗೀತದ ವಿಲಂಬಿತ್ ಖ್ಯಾಲ್ ಒಂದೊಂದೇ ಸ್ವರ ಬಿಚ್ಚಿಕೊಳ್ಳುವ ತನಕ ತಾಸುಗಟ್ಟಲೆ ಕೂತು ಕೇಳುವ ಊರು ಇದು. ತಬಲಾ ಜೋರಾಗಲಿಲ್ಲ ಅಂತ ಯಾರೂ ಎದ್ದು ಹೋಗೋದಿಲ್ಲ. ಗವಾಯಿ ಎಲ್ಲಿಗೋ ಕರೆದುಕೊಂಡು ಹೋಗೇ ಹೋಗ್ತಾನೆ ಅನ್ನೋ ನಂಬಿಕೆ ಇರುತ್ತದೆ, ಆ ನಂಬಿಕೆ ಕೆಡದ ಹಾಗೆ ಸುತ್ತಲಿನವರು ಸುಮ್ಮನೆ ಇರುತ್ತಾರೆ.

ಥಿಯೇಟರ್‌ನಲ್ಲಿ ಆ ಸುಮ್ಮನಿರುವಿಕೆ ಸಿಗೋದು ಎಲ್ಲಿ? ಹುಬ್ಬಳ್ಳಿಯ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಇಂಥದ್ದೇ ಇನ್ನೊಂದು ಸಿನಿಮಾ ನೋಡಿದೆ. ತೆರೆಯ ಮೇಲೆ ಒಬ್ಬ ಮುದುಕಿ ಬಾಗಿಲ ಸಂದಿಯಲ್ಲಿ ನಿಂತಿದ್ದಾಳೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಅಷ್ಟರಲ್ಲಿ ಹುಡುಗನೊಬ್ಬ ಟ್ರೇ ಹಿಡಿದು, ಟಾರ್ಚ್ ಬಿಟ್ಟುಕೊಂಡು, “ಚೀಸ್ ನ್ಯಾಚೋಸ್ ಯಾರ್ದು ಸರ್?” ಅಂತ ಸಾಲಿನೊಳಗೆ ಬಂದ. ಪಾಪ, ಅವನದು ನೌಕರಿ. ಆದರೆ ಆ ಮುದುಕಿ ನನ್ನ ಪಾಲಿಗೆ ಹೋದಳು. ಮೇಲಿಂದ ಇಂಟರ್ವಲ್ ಬೇರೆ. ಹೊರದೇಶದವರು ಇಂಟರ್ವಲ್ ಇಲ್ಲ ಅಂತಲೇ ಸಿನಿಮಾ ಕಟ್ಟಿರುತ್ತಾರೆ. ಇಲ್ಲಿ ಎಲ್ಲೋ ನಡುವೆ ಕಚಕ್ಕನೆ ಕತ್ತರಿಸಿ ದೀಪ ಹಾಕುತ್ತಾರೆ. ಒಂದು ತಾಸು ಹನಿ ಹನಿಯಾಗಿ ಕೂಡಿಸಿದ ಭಯ, ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಬರೋವಷ್ಟರಲ್ಲಿ ಖಾಲಿ. ಆಮೇಲೆ “ಸೆಕೆಂಡ್ ಹಾಫ್ ಸ್ಲೋ” ಅಂತ ಸಿನಿಮಾಕ್ಕೆ ಬೈಗುಳ.

ನಗುವವರ ಬಗ್ಗೆ ಒಂದು ಮಾತು. ದೆವ್ವದ ಸಿನಿಮಾದಲ್ಲಿ ನಗೋದು ಸಹಜ. ಮೈ ಬಿಗಿಯಾದಾಗ ಸಡಿಲ ಮಾಡಿಕೊಳ್ಳೋಕೆ ನಗು ಬರುತ್ತದೆ. ಅದನ್ನು ತಡೆಯೋದು ಕಷ್ಟ, ತಡೀಬೇಕು ಅಂತಲೂ ನಾನು ಹೇಳೋದಿಲ್ಲ. ಆದರೆ ಹೆದರಿದ್ದು ಪಕ್ಕದವನಿಗೆ ಗೊತ್ತಾಗಬಾರದು ಅಂತ ಜೋರಾಗಿ ಕಮೆಂಟ್ ಹೊಡೆಯೋದು ಬೇರೆ. ಅದು ಉಳಿದವರ ಭಯವನ್ನೂ ಕಸಿದುಕೊಳ್ಳುತ್ತದೆ. ಗೆಳೆಯರ ಮುಂದೆ ಹೆದರೋದು ಅವಮಾನ ಅಂತ ಹುಡುಗರಿಗೆ ಯಾರು ಕಲಿಸಿದರೋ. ಆ ದಿನ ಅವರು ಸ್ವಲ್ಪ ಹೊತ್ತಾದರೂ ಆ ನಾಚಿಕೆ ಬಿಟ್ಟು ಕೂತರಲ್ಲ, ನನಗೆ ನಿಜಕ್ಕೂ ಖುಷಿಯಾಯಿತು.

ಸಿನಿಮಾ ಮುಗಿದ ಮೇಲೆ ಚಹಾ ಕುಡಿಯುತ್ತಾ ಜಗಳವೂ ಆಯಿತು. ನನಗೆ ಕೊನೆಯ ಭಾಗ ಹಿಡಿಸಲಿಲ್ಲ. ಅಷ್ಟು ಹೊತ್ತು ಬಾಯಿ ಬಿಡದ ಸಿನಿಮಾ ಕೊನೆಗೆ ಯಾವ ಶಕ್ತಿ, ಯಾವ ರಾಜ ಅಂತ ಮಾತಲ್ಲೇ ಬಿಡಿಸಿ ಹೇಳಿಬಿಡುತ್ತದೆ. ಹೇಳಿದ ಕೂಡಲೇ ನನ್ನ ಭಯ ಅರ್ಧ ಇಳಿಯಿತು. ಗೆಳೆಯ ಒಪ್ಪಲಿಲ್ಲ. ಅಜ್ಜಿಯ ಸರದಲ್ಲಿರುವ ಗುರುತೇ ರಸ್ತೆ ಬದಿಯ ಕಂಬದ ಮೇಲೂ ಇದೆ, ಮೊದಲಿಂದ ಎಲ್ಲ ಹೆಣೆದಿದ್ದಾರೆ, ಕೊನೆಯಲ್ಲಿ ಗಂಟು ಹಾಕದಿದ್ದರೆ ಹೇಗೆ ಅಂತ ಅವನ ವಾದ. ದೊಡ್ಡವ್ವನಿಗೆ ನಮ್ಮ ಇಬ್ಬರ ಮಾತೂ ಬೇಕಾಗಿರಲಿಲ್ಲ. “ರಾಜ ಗೀಜ ಇರವಲ್ಲದ್ಯಾಕ. ಆ ತಾಯಿ ಊಟಕ್ಕ ಕುಂತಾಗ ಮಗಗ ಹಂಗ ಮಾತಾಡಬಾರದಿತ್ತು,” ಅಂದಳು. ಆ್ಯನಿಯ ಪಾತ್ರ ಮಾಡಿದ ಟೋನಿ ಕೊಲೆಟ್ ಊಟದ ಟೇಬಲ್ ಮುಂದೆ ಮಗನ ಮೇಲೆ ಕಿರುಚುವ ದೃಶ್ಯ ಅದು. ಅಲ್ಲಿ ದೆವ್ವವೂ ಇಲ್ಲ, ಕತ್ತಲೂ ಇಲ್ಲ. ದೊಡ್ಡವ್ವನಿಗೆ ಇಡೀ ಸಿನಿಮಾದಲ್ಲಿ ನೋಡಲಾಗದೆ ಹೋದದ್ದು ಅದೊಂದೇ.

ಮುಂದಿನ ಸಲಕ್ಕೆ ಮಲಯಾಳಂನ ‘ಭೂತಕಾಲಂ’ ಹಾಕೋಣ ಅಂತ ಇದ್ದೇವೆ. 2022ರದು. ರಾಹುಲ್ ಸದಾಶಿವನ್ ನಿರ್ದೇಶನ, ರೇವತಿ ತಾಯಿ, ಶೇನ್ ನಿಗಮ್ ಮಗ. ಅಲ್ಲೂ ಅಜ್ಜಿ ತೀರಿಕೊಂಡ ಮನೆ. ತಾಯಿ ಮಗನ ನಡುವೆ ಮಾತು ಸರಿಯಿಲ್ಲ. ಮನೆಯಲ್ಲಿ ನಿಜಕ್ಕೂ ಏನೋ ಇದೆಯೋ, ಅವರ ಮನಸ್ಸೇ ಹಾಗಾಗಿದೆಯೋ ಅಂತ ಬಹಳ ಹೊತ್ತು ಗೊತ್ತಾಗೋದಿಲ್ಲ. ಮೊಬೈಲ್ ಹಿಡಿದು ಕೂತಿದ್ದ ಹುಡುಗನೇ ಎರಡು ಸಲ ಕೇಳಿದ್ದಾನೆ, ಯಾವಾಗ ಸರ್ ಅಂತ. ಧಾರವಾಡ, ಹುಬ್ಬಳ್ಳಿ ಕಡೆಯವರು ಬರೋದಿದ್ದರೆ ಮೆಸೇಜ್ ಮಾಡಿ. ಚಹಾ, ಚುರುಮರಿ ಮೊದಲೇ ಕೊಟ್ಟುಬಿಡುತ್ತೇವೆ, ನಡುವೆ ಬಿಡುವು ಇರೋದಿಲ್ಲ. ಮೊಬೈಲ್ ಇಡೋಕೆ ಬಾಗಿಲ ಹತ್ತಿರ ಒಂದು ಬುಟ್ಟಿ ಇರುತ್ತದೆ.