ಸ್ಪಷ್ಟನೆ: ಹೆಚ್ಚು ಹೊತ್ತು ಕೂರಿಸಿದರೆ ಕಂಪ್ಯೂಟರ್ ಭಯ ಹೋಗುತ್ತದೆಯೇ?

'ಮಕ್ಕಳನ್ನು ಕಂಪ್ಯೂಟರ್ ಮುಂದೆ ಹೆಚ್ಚು ಹೊತ್ತು ಕೂರಿಸಿದರೆ ಸಾಕು, ಭಯ ತಾನಾಗಿಯೇ ಹೋಗುತ್ತದೆಂದು ಸಂಶೋಧನೆಯೇ ಹೇಳಿದೆ' ಎಂಬ ಸಂದೇಶವೊಂದು ಉಡುಪಿ ಜಿಲ್ಲೆಯ ಹೆತ್ತವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಚುವಾ, ಚೆನ್ ಮತ್ತು ವಾಂಗ್ ಎಂಬ ಸಂಶೋಧಕರು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಂಪ್ಯೂಟರ್ ಬಳಸಿದ ಅನುಭವ ಹೆಚ್ಚಿದ್ದವರಲ್ಲಿ ಆತಂಕ ಕಡಿಮೆಯಿರುವುದು ಕಂಡುಬಂದಿತ್ತಾದರೂ ಆ ಸಂಬಂಧ ಎಷ್ಟು ಬಲವಾದುದೆಂಬುದು ಖಚಿತವಾಗಲಿಲ್ಲ. ಮೇಲಾಗಿ, ಭಯವಿದ್ದವರೇ ಕಂಪ್ಯೂಟರಿನಿಂದ ದೂರ ಉಳಿಯುವುದೂ ಉಂಟಾದ್ದರಿಂದ, ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲ್ಯಾರಿ ರೋಸೆನ್ ಮತ್ತು ಮಿಶೆಲ್ ವೀಲ್ ಅವರಂತೂ, ಆತಂಕಗೊಂಡವರಿಗೆ ಬರಿಯ ಪುನರಾವರ್ತಿತ ಬಳಕೆ ಮದ್ದಲ್ಲ, ಅದರಿಂದ ಆತಂಕ ಹೆಚ್ಚಲೂಬಹುದು ಎಂದು ಎಚ್ಚರಿಸಿದ್ದರು. ಸಹಪಾಠಿಗಳೆದುರು ತಪ್ಪು ಮಾಡಿ ಬೈಸಿಕೊಂಡ ಗಂಟೆಯೂ ಲೆಕ್ಕಕ್ಕೆ ಅನುಭವವೇ ತಾನೆ?

ಮೊಬೈಲ್ ಬಳಕೆಯನ್ನೂ ಇದೇ ಲೆಕ್ಕಕ್ಕೆ ಸೇರಿಸುವುದು ಇನ್ನೊಂದು ಗೊಂದಲ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನ ಎಂಜಿನಿಯರಿಂಗ್ ಪತ್ರಿಕೆ 2019ರಿಂದ ಕಂಪ್ಯೂಟರಿನಲ್ಲಿಯೇ ನಡೆಯುತ್ತಿದ್ದು, ಬೈಂದೂರು ಅಥವಾ ಹೆಬ್ರಿಯ ಕಡೆಯಿಂದ ಪರೀಕ್ಷಾ ಕೇಂದ್ರಕ್ಕೆ ಬರುವ ವಿದ್ಯಾರ್ಥಿಗೆ ಬೇಕಿರುವುದು ಮೊಬೈಲಿನಲ್ಲಿ ಸಿಗದ, ಮೌಸ್ ಹಿಡಿದು ಉತ್ತರ ಗುರುತಿಸುವ, ಬದಲಿಸುವ, ಉಳಿಸುವ ಅಭ್ಯಾಸ. ಇದಕ್ಕೆ, ಆ ಪರೀಕ್ಷೆ ನಡೆಸುವ ಸಂಸ್ಥೆಯಾದ ಎನ್‌ಟಿಎ ಜಾಲತಾಣದ ಉಚಿತ ಅಣಕು ಪರೀಕ್ಷೆಗಳನ್ನು, ಅಂಕ ಹಾಕದೆ, ಪಕ್ಕದಲ್ಲೊಬ್ಬರು ತಾಳ್ಮೆಯಿಂದ ಹೇಳಿಕೊಡುವಂತೆ ಬಳಸಬಹುದು.