ಹೋಗಿ ಬರುವ ಚೀಲ

ಕಳೆದ ಬೇಸಿಗೆಯಲ್ಲಿ ಕೊಡಗಿನ ಸೋಮವಾರಪೇಟೆಯಿಂದ ಅಮ್ಮ ಮಿನಿಯಾಪೊಲಿಸ್‌ಗೆ ಬಂದಿದ್ದರು. ಇಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಬಟ್ಟೆಯ ಹಿಟ್ಟಿನ ಚೀಲಕ್ಕೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದ್ದರು. ಬೆಲೆ ನಲವತ್ತು ಡಾಲರ್. 'ಮೈದಾ ಚೀಲಕ್ಕಾ?' ಅಂದರು ಅಮ್ಮ, ಅಂಗಡಿಯವನೂ ತಿರುಗಿ ನೋಡುವಷ್ಟು ಜೋರಾಗಿ.

ಚೀಲದ ಮೇಲೆ 98 ಪೌಂಡ್ ಎಂದಿತ್ತು. ಮೊದಲೆಲ್ಲ ಹಿಟ್ಟು ಹೋಗುತ್ತಿದ್ದದ್ದು ಮರದ ಪೀಪಾಯಿಯಲ್ಲಿ, ಒಂದಕ್ಕೆ 196 ಪೌಂಡ್. ಹೊಲಿಗೆ ಯಂತ್ರ ಬಂದು ಚೀಲ ಗಟ್ಟಿಯಾಯಿತು, ಪೀಪಾಯಿ ಹೋಯಿತು, ಅದರ ಅರ್ಧದ ಲೆಕ್ಕ ಮಾತ್ರ ಉಳಿಯಿತು. 1870–80ರ ದಶಕಗಳಲ್ಲಿ ಈ ಊರಿನ ಗಿರಣಿಗಳು ಕಲ್ಲು ಬಿಟ್ಟು ರೋಲರ್ ಹಿಡಿದವು. ಬೂಸವನ್ನೂ ಕಾಳಿನೊಳಗಿನ ಎಣ್ಣೆಯಂಶದ ಮೊಳಕೆ ಭಾಗವನ್ನೂ ತೆಗೆದ ಬಿಳೀ ಹಿಟ್ಟು ಬೇಗ ಕೆಡದು. ರೈಲು ಹತ್ತಿ ಊರೂರು ಸುತ್ತಿತು. ಹಳ್ಳಿಯ ಹೊಳೆದಂಡೆಯ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಹೆಂಗಸರು ಖಾಲಿ ಚೀಲ ಬಿಚ್ಚಿ ಮಕ್ಕಳಿಗೆ ಲಂಗ ಹೊಲಿಯುವುದನ್ನು ಕಂಡು ಕಂಪನಿಗಳು ಚೀಲಕ್ಕೆ ಹೂವಿನ ಅಚ್ಚು ಹಾಕಿಸಿದವು. ವ್ಯಾಪಾರ ಅಂದರೆ ಅದು!

ನಮ್ಮನೆಯದೂ ಮೈದಾ ಚೀಲವೇ. ಬೇಕರಿಯಿಂದ ತಂದು, ಸೋಡಾ ಹಾಕಿ ಕುದಿಸಿ ಕಂಪನಿಯ ಹೆಸರು ಅಳಿಸಿ, ಮೂಲೆಗೆ ಕೆಂಪು ದಾರದ ಗುರುತು ಹಾಕಿದರೆ ಮುಗಿಯಿತು. ಮಿಲ್ಲಿನಲ್ಲಿ ಸಾಲು ನಿಲ್ಲುತ್ತಿದ್ದದ್ದು ಚೀಲಗಳು, ನಾವು ಕಟ್ಟೆ ಮೇಲೆ. ನಮಗಿಂತ ಮುಂಚೆ ರಾಗಿ ಬಿದ್ದಿದ್ದರೆ ಅಮ್ಮ ಸುಮ್ಮನಿರುತ್ತಿರಲಿಲ್ಲ: 'ಮೊದಲು ಬೇರೆ ಯಾರದ್ದಾದರೂ ಅಕ್ಕಿ ಹಾಕಣ್ಣ.' ಕಡಂಬುಟ್ಟಿನ, ಅಂದರೆ ನಮ್ಮ ಕಡೆಯ ಅಕ್ಕಿ ಉಂಡೆಯ, ತರಿಗೆ ಕಲ್ಲು ಸಡಿಲಿಸಬೇಕು, ಬಾಯಿಬಿಟ್ಟು ಹೇಳದಿದ್ದರೆ ರೊಟ್ಟಿ ಹಿಟ್ಟೇ ಗತಿ. ಹಿಟ್ಟು ಇಳಿಯುವ ಬಟ್ಟೆಯ ತೋಳಿಗೆ ಮಿಲ್ಲಿನಣ್ಣ ಕೋಲಿನಿಂದ ಎರಡೇಟು ಕೊಟ್ಟರೆ ಕೊನೆಯ ಹಿಡಿಯೂ ಉದುರುತ್ತಿತ್ತು. ಆಷಾಢದ ಮಳೆಯಲ್ಲಿ ಆ ಬಿಸಿ ಚೀಲವನ್ನು ಎದೆಗವಚಿ, ಮೇಲೆ ಪ್ಲಾಸ್ಟಿಕ್ ಹೊದ್ದು ಮನೆಗೆ ಓಡುವುದು ನನ್ನ ಪಾಲು. ಆ ಶಾಖಕ್ಕಾಗಿಯೇ ನಾನು ಹೋಗುತ್ತಿದ್ದೆ ಅನಿಸುತ್ತದೆ.

ಇಲ್ಲಿನ ಚೀಲ ಗಿರಣಿಯಿಂದ ಹೊರಟಿತೆಂದರೆ ಹೊರಟಿತು. ನಮ್ಮದು ಹೋಗಿ ಬರುತ್ತಿತ್ತು. ನಮ್ಮ ಅಕ್ಕಿಯೇ ಹಿಟ್ಟಾಗಿ ಬರುತ್ತಿತ್ತು. ನನಗೆ ಅದೇ ಸರಿ ಕಾಣುತ್ತದೆ. ಪ್ಯಾಕೆಟ್ಟಿನ ಅಕ್ಕಿಹಿಟ್ಟು ಯಾವ ಅಕ್ಕಿಯದೋ, ಯಾವಾಗಿನದೋ, ರೊಟ್ಟಿ ತಟ್ಟಿದರೆ ಅಂಚೆಲ್ಲ ಬಿರುಕು. ಆದರೆ ಊರಲ್ಲಿ ತಂಗಿಯೂ ಈಗ ಪ್ಯಾಕೆಟ್ಟೇ ತರುವುದು. 'ಮಿಲ್ಲಲ್ಲಿ ಕಾಯೋಕೆ ಯಾರಿಗಿದೆ ಪುರುಸೊತ್ತು, ಅಣ್ಣ?' ಅನ್ನುತ್ತಾಳೆ. ಇಷ್ಟು ದೂರ ಕೂತು ಅವಳಿಗೆ ಬುದ್ಧಿ ಹೇಳುವ ಬಾಯಿ ನನಗಿಲ್ಲ.

ಹೊರಡುವ ಹಿಂದಿನ ರಾತ್ರಿ ಅಮ್ಮ ನಮ್ಮನೆಯ ಬಾಸ್ಮತಿ ಅಕ್ಕಿಯ ಖಾಲಿ ಬಟ್ಟೆ ಚೀಲವನ್ನು ಮಡಚಿ ಸೂಟ್‌ಕೇಸಿಗೆ ಹಾಕಿಕೊಂಡರು. 'ಜಿಪ್ ಬೇರೆ ಇದೆ ನೋಡು. ಮಿಲ್ಲಿಗಾಗುತ್ತೆ.'